ಎರಡು ದನಿಗಳಿಗೆ ರಾಜಿ ಮಾಡಿಸಿದ್ದು

ಆ ಪೆಟ್ಟಿಗೆ ನಮ್ಮ ಮನೆಯ ಬಾಗಿಲು ದಾಟಿದ ದಿನವೇ ನಾನು ಅಂಗಳದ ನಡುವೆ ನಿಂತು ಒಂದು ಮಾತು ಸಾರಿಬಿಟ್ಟೆ: "ಈ ಕೈಯಿಂದ ಇವತ್ತಿನವರೆಗೆ ಒಂದು ವಸ್ತು ಕೆಟ್ಟಿದ್ದಿಲ್ಲ. ಇದೂ ಕೆಡೋದಿಲ್ಲ!"

ಅಂಥ ಮಾತು ಬರುವಾಗ ನಾಲಿಗೆಯನ್ನು ಹಲ್ಲಿನಿಂದ ಕಚ್ಚಿ ಹಿಡಿಯಬೇಕು. ಆದರೆ ನನಗೆ ಹಲ್ಲುಗಳಿದ್ದರೆ ತಾನೇ!

ಪೆಟ್ಟಿಗೆ ಬಂದದ್ದು ನನ್ನ ಮನೆ ಅಳಿಯ ಮುದಿತನ ಮೋಟಾರ್ ಸೈಕಲ್ಲಿನ ಹಿಂದೆ ಕೂತು. ನನ್ನ ಮಗಳ ಹಳೇ ಲುಂಗಿ ಮೈತುಂಬ ಸುತ್ತಿಕೊಂಡು, ನಡುವಿಗೆ ಹಗ್ಗ ಬಿಗಿದುಕೊಂಡು, ಹೊಸ ಮದುವಣಗಿತ್ತಿ ಗಂಡನ ಮನೆಗೆ ಬಂದ ಹಾಗೆ ಬಂತು. ಮುದಿತ ಫ್ರಿಜ್ ರಿಪೇರಿ ಮಾಡುವವನು. ಸನೂರಿನ ಸಮುದ್ರದಂಡೆಯ ಒಂದು ಹೋಟೆಲ್ಲಿನ ಉಗ್ರಾಣದಲ್ಲಿ, ಕೆಟ್ಟ ಫ್ರಿಜ್ಜಿನ ಬೆನ್ನಿಗೆ ಒರಗಿಕೊಂಡು ಇದು ಧೂಳು ತಿನ್ನುತ್ತಿತ್ತಂತೆ. ಒಂದು ಕಾಲದಲ್ಲಿ ಅಲ್ಲಿಯ ಪ್ರವಾಸಿಗರನ್ನೆಲ್ಲ ಕುಣಿಸಿದ ಪೆಟ್ಟಿಗೆ. "ತಗೊಂಡು ಹೋಗಪ್ಪ, ಜಾಗ ಖಾಲಿಯಾದ್ರೆ ಸಾಕು" ಅಂದರಂತೆ. ಇವನು ತಂದ.

ಲುಂಗಿ ಬಿಚ್ಚಿದ. ಕೆಳಗೆ ಒಂದು ಸಾಲು ಬಿಳಿ-ಕರಿ ಪಟ್ಟಿಗಳು. ಅದರ ಮೇಲೆ ಗುಂಡಿ, ಗುಂಡಿ, ಗುಂಡಿ! ದಡಾರ ಎದ್ದ ಮಗುವಿನ ಮೈಯಲ್ಲೂ ಅಷ್ಟು ಇರಲಿಕ್ಕಿಲ್ಲ. ಪ್ರತಿ ಗುಂಡಿಯ ಕೆಳಗೆ ಏನೇನೋ ಬರೆದಿತ್ತು. ನನ್ನ ಓದು ಬಸ್ಸಿನ ಬೋರ್ಡಿಗೇ ಸುಸ್ತಾಗುತ್ತದೆ. ಇದನ್ನು ನೋಡಿ ಕಣ್ಣು ಮುಚ್ಚಿಕೊಂಡಿತು.

"ಇದೇನಪ್ಪ?"

"ಸಿಂಥಸೈಜರ್, ಅತ್ತೆ. ಹಳೇ ಕಾಲದ್ದು. ಈಗಿನವುಗಳ ಹಾಗಲ್ಲ. ಇದರ ದನಿ ದಪ್ಪ!"

"ದಪ್ಪಾನಾ? ಏನು ತಿನ್ನುತ್ತೆ?"

"ಕರೆಂಟು."

"ಸರಿಹೋಯ್ತು," ಅಂದಳು ನನ್ನ ನಾದಿನಿ ರೋಂಜಿ, ಜಗಲಿಯಿಂದ. "ಈ ಮನೇಲಿ ಕೂತ್ಕೊಂಡು ತಿಂದು ದಪ್ಪಗಾಗೋರು ಸಾಲದಾಗಿತ್ತು."

ರೋಂಜಿ ನನ್ನ ಗಂಡನ ತಂಗಿ. ಮದುವೆಯಾಗಲಿಲ್ಲ. ಹಾಗಾಗಿ ಗಂಡನೊಬ್ಬನ ಜೊತೆ ಆಡಬೇಕಾದ ಜಗಳವನ್ನೆಲ್ಲ ನನ್ನ ಜೊತೆಗೇ ಆಡಿ ತೀರಿಸುತ್ತಾಳೆ. ನಾನು ಉಪ್ಪು ಸಾಕು ಅಂದರೆ ಅವಳು ಸಾಲದು ಅನ್ನಬೇಕು. ನನ್ನ ಗಂಡ ತೀರಿಕೊಂಡ ಮೇಲೆ ಅವರ ಪಾಲಿನ ತಕರಾರನ್ನೂ ಇವಳೇ ವಹಿಸಿಕೊಂಡಿದ್ದಾಳೆ. ಒಡಹುಟ್ಟಿದವಳ ಕರ್ತವ್ಯವಂತೆ!

ಮುದಿತ ಪ್ಲಗ್ ಹಾಕಿ ಒಂದು ಪಟ್ಟಿ ಒತ್ತಿದ.

"ಊಂ?" ಅಂದಿತು ಪೆಟ್ಟಿಗೆ.

ನಿಜವಾಗಿ ಹಾಗೇ! ಕೆಳಗಿನಿಂದ ಎದ್ದು, ಕೊನೆಗೆ ತುಸು ಮೇಲಕ್ಕೆ ಜಾರಿ, ನಿದ್ದೆಗಣ್ಣಿನಲ್ಲಿ ಯಾರೋ 'ಊಂ? ಕರೆದೆಯಾ?' ಅಂದ ಹಾಗೆ.

"ಏನಿಲ್ಲಪ್ಪ, ಮಲಕ್ಕೋ," ಅಂದೆ ನಾನು, ಬಾಯಿತಪ್ಪಿ.

ಮುದಿತ ನಕ್ಕ. "ಇನ್ನೂ ಬಿಸಿಯಾಗಿಲ್ಲ ಅತ್ತೆ. ಬಿಸಿಯಾಗೋವರೆಗೆ ಶ್ರುತಿ ಹೀಗೇ ಜಾರುತ್ತೆ. ಇದರ ಹೊಟ್ಟೇಲಿ ಎರಡು ದನಿ ಇವೆ. ಒಂದು ಪಟ್ಟಿ ಒತ್ತಿದ್ರೆ ಎರಡೂ ಒಟ್ಟಿಗೆ ಹಾಡ್ತವೆ. ಅವೆರಡೂ ಒಂದಕ್ಕೊಂದು—"

"ಗೊತ್ತಾಯ್ತು ಬಿಡು. ಗಂಡ ಹೆಂಡತಿ ಇದ್ದ ಹಾಗೆ."

"ಹೌದು, ಆದ್ರೆ ಅವು—"

"ಹಂದಿಗೆ ಗಂಜಿ ಇಡಬೇಕು. ನಾಳೆ ಹೇಳು!"

ಆ ನಾಳೆ ಬರಲಿಲ್ಲ. ತಪ್ಪು ನನ್ನದೇ. ನನ್ನ ಕೈಗೆ ತಾಳ್ಮೆ ಬೇಕಾದಷ್ಟಿದೆ. ತೆಂಗಿನ ಗರಿ ಸೀಳಿ ಪೂಜೆಯ ತಟ್ಟೆ ಹೆಣೆಯಲು ಕೂತರೆ, ಒಂದು ಎಳೆ ಅತ್ತಿತ್ತ ಆದರೂ ಬಿಚ್ಚಿ ಮತ್ತೆ ಹೆಣೆಯುತ್ತೇನೆ. ನನ್ನ ತಟ್ಟೆಯ ಪಕ್ಕದಲ್ಲಿ ತಮ್ಮ ತಟ್ಟೆ ಇಡಲು ಕೇರಿಯ ಹೆಂಗಸರಿಗೆ ಭಯ. ಆದರೆ ಈ ತಾಳ್ಮೆ ಕೈಯಿಂದ ಹತ್ತಿ ಕಿವಿಯವರೆಗೆ ಬರಲೇ ಇಲ್ಲ. ಯಾರದಾದರೂ ಮಾತು ಅರ್ಧ ಕೇಳಿದರೆ ಸಾಕು, ಉಳಿದರ್ಧ ನನಗೇ ಹೊಳೆಯುತ್ತದೆ. ಹೊಳೆಯುತ್ತದೆ ಅಂದುಕೊಂಡಿದ್ದೆ!

ಅಂದಿನಿಂದ ಆ ಪೆಟ್ಟಿಗೆಯ ದನಿ ನಮ್ಮ ಕಿವಿಗೆ ಬೀಳಲಿಲ್ಲ. ಮುದಿತ ವೈರು ಹಚ್ಚಿದ ಎರಡು ಬಟ್ಟಲುಗಳನ್ನು ಕಿವಿಗೆ ಕವುಚಿಕೊಂಡು, ಕಣ್ಣುಮುಚ್ಚಿ, ತೂಗಿ ತೂಗಿ ನುಡಿಸುತ್ತಿದ್ದ. ನಮಗೆ ಕೇಳುತ್ತಿದ್ದದ್ದು ಪಟ್ಟಿಗಳ ಟಕಟಕ ಮಾತ್ರ.

"ಅತ್ತಿಗೆ, ನಿಮ್ಮಳಿಯ ಕಾಯಿ ತುರೀತಿದ್ದಾನಾ?"

"ತಪಸ್ಸು ಮಾಡ್ತಿದ್ದಾನೆ ಕಣೇ. ಸುಮ್ನಿರು."

ತಪಸ್ಸೇ ಆಗಿತ್ತು ಅದು. ನಮ್ಮದು ಜಾಗಟೆ ಮಾಡುವವರ ಕೇರಿ. ನನ್ನ ಗಂಡ ಹಗಲಿಡೀ ಕಂಚು ಕಾಸಿ ಬಡಿದು ಅರೆದು ಗಮೆಲಾನ್ ಅನ್ನುವ ನಮ್ಮ ಕಂಚಿನ ಮೇಳಕ್ಕೆ ವಾದ್ಯ ಮಾಡುತ್ತಿದ್ದರು, ಸಂಜೆ ಕೇರಿಯ ಮೇಳದಲ್ಲಿ ಕೂತು ಅದನ್ನೇ ನುಡಿಸುತ್ತಿದ್ದರು. ಬೇರೆ ಊರಿನಿಂದ ನಮ್ಮ ಮನೆಗೆ ಅಳಿಯನಾಗಿ ಬಂದ ಮುದಿತನಿಗೆ ಮಾವ ಕೂರುತ್ತಿದ್ದ ಮೇಳದಲ್ಲಿ ತನಗೂ ಒಂದು ಚಾಪೆ ಬೇಕೆಂಬ ಆಸೆ. ಕೂರಿಸಿಯೂ ನೋಡಿದರು. ಪಾಪ, ಕೈಗೆ ವಾದ್ಯ ಬಡಿಯುವ ಸುತ್ತಿಗೆ ಕೊಟ್ಟರೆ ಮೇಳ ಮುಂದೆ, ಇವನು ಹಿಂದೆ! ಹೊರಟುಹೋದ ಬಸ್ಸಿನ ಬೆನ್ನಟ್ಟಿದವನ ಹಾಗೆ ಓಡೋಡಿ ಬರುತ್ತಿದ್ದ. ಮೇಳದ ಯಜಮಾನ ನ್ಯಾರ್ಕಣ್ಣ ಮೆಲ್ಲಗೆ ಸುತ್ತಿಗೆ ಇಸಿದುಕೊಂಡು ಕಾಫಿಯ ಕೆಟಲ್ ಕೊಟ್ಟರು. ಅಂದಿನಿಂದ ಮೇಳ ಕೂರುವ ಮಂಟಪದಲ್ಲಿ ಮುದಿತನದು ಕಾಫಿ ಹಂಚುವ ಕೆಲಸ. ಹಂಚಿ ಕಂಬಕ್ಕೊರಗಿ ನಿಲ್ಲುತ್ತಿದ್ದ. ಅವನನ್ನು ಹಾಗೆ ನೋಡಿದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಪೆಟ್ಟಿಗೆ ಸಿಕ್ಕಿದ ಮೇಲೆ ಧೈರ್ಯ ಮಾಡಿ ಕೇಳಿದ್ದ: "ಅಜ್ಜ, ಹಿಂದುಗಡೆ ಕೂತು, ದೊಡ್ಡ ಜಾಗಟೆ ಬಿದ್ದಾಗ ಅದರ ಅಡಿಗೆ ಒಂದು ಉದ್ದನೆ ದನಿ ಹಾಸ್ತೀನಿ. ಅಷ್ಟೇ. ಓಡೋ ತಾಪತ್ರಯವೇ ಇಲ್ಲ."

ನ್ಯಾರ್ಕಣ್ಣ ವೀಳ್ಯ ಅಗಿದು, ಉಗಿದು, ತೀರ್ಪು ಕೊಟ್ಟರು: "ತುಂಪೆಕ್ ಲಂಡೆಪ್ ಶನಿವಾರ ಮಧ್ಯಾಹ್ನ ತಗೊಂಡು ಬಾ. ಒಂದೇ ಸಲ ಕೇಳ್ತೀನಿ. ಕಂಚಿನ ಪಕ್ಕ ಕೂರೋ ದನಿಯಾದ್ರೆ ಕೂರಲಿ. ಇಲ್ಲಾಂದ್ರೆ ಆ ಪೆಟ್ಟಿಗೆ ಮತ್ತೆ ಈ ಮೆಟ್ಟಿಲು ಹತ್ತೋ ಹಾಗಿಲ್ಲ. ನಿಂಗೆ ಕೆಟಲ್ ಇದ್ದೇ ಇದೆ."

ಆ ಶನಿವಾರ ಬಂತು. ತುಂಪೆಕ್ ಲಂಡೆಪ್ ಅಂದರೆ ಕತ್ತಿ, ಕುಡುಗೋಲು, ಸುತ್ತಿಗೆ, ಮೋಟಾರ್ ಸೈಕಲ್ಲು, ಮೈಯಲ್ಲಿ ಕಬ್ಬಿಣ ಇರುವ ಎಲ್ಲದಕ್ಕೂ ಹೂವು, ಅಕ್ಷತೆ, ತೀರ್ಥ ಸಲ್ಲುವ ದಿನ. ವಾದ್ಯಗಳಿಗೆ ಬೇರೆ ಶನಿವಾರವಿದೆ, ತುಂಪೆಕ್ ಕ್ರುಲುಟ್ ಅಂತ. ಅದು ಇನ್ನೂ ಎಷ್ಟೋ ವಾರ ಆಚೆ. ನಾನು ಬೆಳಗ್ಗೆಯೇ ಅಂಗಳದಲ್ಲಿ ಚಾಪೆ ಹಾಸಿ, ನನ್ನ ಗಂಡನ ಸುತ್ತಿಗೆಗಳು, ಇಕ್ಕಳ, ಅಡುಗೆಮನೆಯ ಕತ್ತಿ, ಮಿಕ್ಸಿ ಎಲ್ಲ ಸಾಲಾಗಿಟ್ಟು, ಕೊನೆಯಲ್ಲಿ ಪೆಟ್ಟಿಗೆಯನ್ನೂ ತಂದಿಟ್ಟೆ.

"ಅದನ್ಯಾಕೆ ಇಟ್ರಿ? ಅದು ವಾದ್ಯ. ಅದಕ್ಕೆ ಕ್ರುಲುಟ್," ಅಂದಳು ರೋಂಜಿ.

"ಅದಕ್ಕೆ ಬಾಲ ಇದೆ, ಬಾಲದ ತುದೀಲಿ ಪ್ಲಗ್ ಇದೆ. ಪ್ಲಗ್ ಇರೋದೆಲ್ಲ ಲಂಡೆಪ್. ಮಿಕ್ಸಿಗೆ ಕ್ರುಲುಟ್ ಮಾಡ್ತೀಯಾ ನೀನು?"

"ಮಿಕ್ಸಿ ಹಾಡುತ್ತಾ?"

"ನಮ್ಮ ಮಿಕ್ಸಿ ಹಾಡುತ್ತೆ."

ಅದಂತೂ ನಿಜ. ಕೇರಿಯ ಆ ತುದಿಯವರೆಗೂ ಹಾಡುತ್ತದೆ. ರೋಂಜಿ ಹೂವಿನ ಬುಟ್ಟಿಯನ್ನು ದಬಕ್ಕನೆ ಇಟ್ಟಳು.

ಮುದಿತ ತನ್ನ ಹುಟ್ಟಿದ ಮನೆಯ ಪೂಜೆಗೆ ಹೊರಟು ಮೋಟಾರ್ ಸೈಕಲ್ ಹತ್ತಿದ. ಮಗಳು ಹಿಂದೆ ಕೂತಳು.

"ಅತ್ತೆ, ಮಧ್ಯಾಹ್ನಕ್ಕೆ ಬಂದು ನೇರ ಮಂಟಪಕ್ಕೆ ಒಯ್ತೀನಿ. ಪೆಟ್ಟಿಗೆಗೆ ಹೂ ಇಡಿ, ಸಾಕು. ತೀರ್ಥ ಮಾತ್ರ—"

"ತೀರ್ಥ ಮರೀತೀನಾ? ಮೂರು ಸಲ ಚಿಮುಕಿಸ್ತೀನಿ!"

"ಅಲ್ಲ ಅತ್ತೆ, ತೀರ್ಥ—"

"ನಿಮ್ಮಮ್ಮ ಕಾಯ್ತಿರ್ತಾರೆ. ಹೊರಡು, ಹೊರಡು!"

ಹೆಲ್ಮೆಟ್ಟಿನೊಳಗಿಂದ ಇನ್ನೂ ಏನೋ ಕೂಗಿದ. ನಾನು ಕೈ ಬೀಸಿದೆ. ಪಾಪ, ಎಷ್ಟು ಭಕ್ತಿ ಈ ಹುಡುಗನಿಗೆ ಅಂದುಕೊಂಡೆ!

ಆಮೇಲೆ ನಡೆದದ್ದನ್ನು ಸಾಮಾನ್ಯ ಪೂಜೆ ಅನ್ನಲಾಗದು. ಅದು ಪಟ್ಟಾಭಿಷೇಕ! ಅಳಿಯನ ಭವಿಷ್ಯ ಈ ಪೆಟ್ಟಿಗೆಯ ಮೇಲೆ ನಿಂತಿದೆ. ಸುತ್ತಿಗೆಗೆ ಮಾಡಿದಷ್ಟೇ ಇದಕ್ಕೂ ಮಾಡಿದರೆ ಹೇಗೆ? ಸುತ್ತಿಗೆಗೆ ಒಂದೇ ತಲೆ, ಮೂರು ಸಲ ಚಿಮುಕಿಸಿದರಾಯಿತು. ಇದಕ್ಕೆ ಎಷ್ಟು ಗುಂಡಿಗಳೋ ಅಷ್ಟು ತಲೆ. ನಾನು ಅಚ್ಚುಕಟ್ಟಿನ ಹೆಂಗಸು. ಒಂದೊಂದು ಗುಂಡಿಗೂ ಮೂರು ಮೂರು ಸಲ ತೀರ್ಥ, ಒಂದೊಂದರ ಹಣೆಗೂ ಅಕ್ಷತೆ. ಒಂದನ್ನು ಬಿಟ್ಟು ಅದು ಬೇಸರ ಮಾಡಿಕೊಂಡರೆ?

"ಅತ್ತಿಗೆ," ಅಂದಳು ರೋಂಜಿ, "ಪೂಜೆ ಮಾಡ್ತಿದ್ದೀರೋ, ನಾಟಿ ಮಾಡ್ತಿದ್ದೀರೋ?"

"ನೀನು ಮಂತ್ರದ ಹೊತ್ತಲ್ಲಿ ಮಾತಾಡ್ಬೇಡ."

"ನಾನು ಮಾತಾಡ್ತಿಲ್ಲ. ಅಡಿಯಿಂದ ಅದು ಮಾತಾಡ್ತಿದೆ, ನೋಡಿ."

ಬಗ್ಗಿ ನೋಡಿದೆ. ಪೆಟ್ಟಿಗೆಯ ಕೆಳಗಿನಿಂದ ತೊಟ್... ತೊಟ್... ಅಂತ ತೀರ್ಥ ಚಾಪೆಗೆ ಇಳಿಯುತ್ತಿತ್ತು. ಮೇಲಿನಿಂದ ಕೊಟ್ಟದ್ದನ್ನೆಲ್ಲ ಶ್ರದ್ಧೆಯಿಂದ ಸ್ವೀಕರಿಸಿ, ಕೆಳಗಿನಿಂದ ಪ್ರಸಾದ ಹಂಚುತ್ತಿತ್ತು!

ಎತ್ತಿದೆವು, ಕವುಚಿದೆವು, ಕುಲುಕಿದೆವು. ನಾನು ಒಂದು ಕಡೆ, ರೋಂಜಿ ಒಂದು ಕಡೆ, ಸ್ನಾನ ಮಾಡಿಸಿದ ಮಗುವನ್ನು ಒರೆಸಿದ ಹಾಗೆ ಒರೆಸಿದೆವು. ಆಮೇಲೆ ಅಂಗಳದ ಬಿಸಿಲಿನಲ್ಲಿ, ಒಣಹಾಕಿದ್ದ ಅಕ್ಕಿ ಹಪ್ಪಳದ ಪಕ್ಕದಲ್ಲೇ ಅದನ್ನೂ ಒಣಹಾಕಿದೆವು. ಹಪ್ಪಳ ತಿರುವಿದಾಗೆಲ್ಲ ಅದನ್ನೂ ಒಂದು ಸಲ ತಿರುವಿಹಾಕಿದೆವು.

ಹಪ್ಪಳ ಗರಿಗರಿಯಾದ ಮೇಲೆ, ಇದೂ ಆಗಿರಬೇಕೆಂದು ಜಗಲಿಗೆ ತಂದೆವು. ಜೀವ ಉಳಿದಿದೆಯೋ ಇಲ್ಲವೋ ನೋಡಬೇಕಲ್ಲ! ಒಣ ಕಡ್ಡಿಯ ತುದಿಯಿಂದ ಸ್ವಿಚ್ಚು ಒತ್ತಿದೆ. ದೇವರ ದಯೆ, ಕೆಂಪು ದೀಪ ಹತ್ತಿತು. ಅಷ್ಟರಲ್ಲಿ ನಮ್ಮ ಕಪ್ಪು ಹೇಂಟೆ ಜಗಲಿಗೆ ಹಾರಿತು. ಪಟ್ಟಿಗಳ ಸಂದಿಯಲ್ಲಿ ಅಕ್ಷತೆ ಕಂಡರೆ ಅದು ಬಿಟ್ಟೀತೇ? ಕೊಕ್ಕು ಕುಟ್ಟಿತು. "ಭೋಂ!" ಅಂದಿತು ಪೆಟ್ಟಿಗೆ. ಹೇಂಟೆ ಒಂದಡಿ ಮೇಲೆ ಹಾರಿ, ಯೋಚಿಸಿ, ಮತ್ತೆ ಬಂದು ಕುಟ್ಟಿತು. "ಭೋಂ! ಪೀಂ! ಭೋಂ!" ಬುಟ್ಟಿಯೊಳಗಿದ್ದ ಹುಂಜ ಯಾರೋ ದೊಡ್ಡ ಎದುರಾಳಿ ಬಂದನೆಂದು ತಿಳಿದು ಬುಟ್ಟಿಸಮೇತ ಅಂಗಳದಲ್ಲಿ ಓಡಾಡಿತು.

"ಓಡಿಸಬೇಡಿ ಅತ್ತಿಗೆ," ಅಂದಳು ರೋಂಜಿ, "ನಿಮ್ಮಳಿಯನಿಗಿಂತ ತಾಳ ಚೆನ್ನಾಗಿದೆ."

ಹೇಂಟೆಯನ್ನು ಅಟ್ಟಿ, ಉಳಿದ ಅಕ್ಷತೆಯನ್ನು ಪಿನ್ನಿನಿಂದ ಕೆದಕಿ ತೆಗೆದು, ನಾನೇ ಒಂದು ಪಟ್ಟಿಯನ್ನು ಒತ್ತಿ ಹಿಡಿದೆ.

"ಊಂವ... ಊಂವ... ಊಂವ... ಊಂವ..."

ದನಿ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ತೂಗುತ್ತಿತ್ತು. ಉಬ್ಬುತ್ತಿತ್ತು, ತಗ್ಗುತ್ತಿತ್ತು.

ರೋಂಜಿ ಎದೆಗೆ ಕೈಯಿಟ್ಟುಕೊಂಡಳು. "ನಡುಗ್ತಾ ಇದೆ! ಶೀತ ಆಗಿದೆ ಅತ್ತಿಗೆ!"

ಮುದಿತನ ಮಾತು ನೆನಪಾಯಿತು: ಹೊಟ್ಟೆಯಲ್ಲಿ ಎರಡು ದನಿ. ಕಿವಿ ಹತ್ತಿರ ಇಟ್ಟು ಕೇಳಿದೆ. ನಿಜ! ಎರಡಿದ್ದವು. ಒಂದು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲೆ. ಅದಕ್ಕೇ ಒಂದನ್ನೊಂದು ತಳ್ಳುತ್ತಿವೆ! ತೀರ್ಥ ಒಳಗೆ ಹೋಗಿ ಗಂಡ-ಹೆಂಡಿರ ನಡುವೆ ಜಗಳ ಹಚ್ಚಿದೆ! ಅಂಗಡಿಯಿಂದ ಬರುವ ಯಂತ್ರ ತಕ್ಕಡಿಯ ಹಾಗಿರಬೇಕು, ಎರಡು ತಟ್ಟೆ ಸಮ ನಿಲ್ಲಬೇಕು. ತೂಗಾಡುವ ತಕ್ಕಡಿಯನ್ನು ಯಾರಾದರೂ ಸರಿಯಿದೆ ಅನ್ನುತ್ತಾರೆಯೇ?

"ರೋಂಜಿ, ಈ ಪಟ್ಟಿ ಒತ್ತಿ ಹಿಡಿ. ಬಿಡಬೇಡ."

"ಏನ್ಮಾಡ್ತೀರಾ?"

"ರಾಜಿ ಮಾಡಿಸ್ತೀನಿ!"

ಒಂದೊಂದೇ ಗುಂಡಿಯನ್ನು ತುಸು ತಿರುಗಿಸಿ ನೋಡಿ, ಮತ್ತೆ ಇದ್ದಲ್ಲಿಗೇ ತಂದಿಟ್ಟೆ. ಒಂದರಿಂದ ದನಿ ಮಬ್ಬಾಯಿತು, ಒಂದರಿಂದ ಹೋಯೆಂದು ಊಳಿಟ್ಟಿತು. ಕೊನೆಗೆ ಸಿಕ್ಕಿತು ಕಳ್ಳ ಗುಂಡಿ! ಅದನ್ನು ಅರ್ಧ ಅಕ್ಕಿಕಾಳಿನಷ್ಟು ಸರಿಸಿದರೆ ನಡುಕ ನಿಧಾನವಾಗುತ್ತಿತ್ತು. ಊಂ...ವ... ಊಂ......ವ... ಇನ್ನೂ ಕಾಲು ಕಾಳು. ಮಕ್ಕಳು ಇಳಿದುಹೋದ ಮೇಲೆ ಉಯ್ಯಾಲೆ ನಿಲ್ಲುವ ಹಾಗೆ ಮೆಲ್ಲಗೆ, ಮೆಲ್ಲಗೆ... ನಿಂತಿತು! "ಊಂಂಂಂಂ." ಕಡ್ಡಿಯಷ್ಟು ನೇರ. ಎರಡು ದನಿಗಳು ಸೇರಿ ಒಂದಾಗಿದ್ದವು. ಲೋಕದಲ್ಲಿ ಶಾಂತಿ ನೆಲೆಸಿತ್ತು.

"ಸ್ವಲ್ಪ ಸಣ್ಣಗಾಯ್ತಲ್ವಾ ದನಿ?" ಅಂದಳು ರೋಂಜಿ.

"ಜಗಳ ನಿಂತ ಮನೆ ಹಾಗೇ, ಸದ್ದಿರಲ್ಲ. ನಿನಗೆ ಗೊತ್ತಿರೋಕೆ ಸಾಧ್ಯವಿಲ್ಲ ಬಿಡು."

ಮುದಿತ ಬಂದದ್ದು ಗಾಳಿಯ ಹಾಗೆ. ಪೆಟ್ಟಿಗೆ ಮುಟ್ಟಿ ನೋಡಿ ಕಣ್ಣರಳಿಸಿದ. "ಅತ್ತೆ, ಆಗ್ಲೇ ಬಿಸಿ ಇದೆ!"

"ನಿನಗೆ ಕಷ್ಟ ಆಗಬಾರದು ಅಂತ ಕಾಯಿಸಿಟ್ಟಿದ್ದೀನಿ," ಅಂದೆ. ಸುಳ್ಳೇನಲ್ಲವಲ್ಲ! ಪರೀಕ್ಷೆ ಮಾ‌ಡಿ ನೋಡುವಷ್ಟು ಹೊತ್ತಿರಲಿಲ್ಲ. ಲುಂಗಿ ಸುತ್ತಿ ಎತ್ತಿಕೊಂಡು ನಡೆದ. ನಾವಿಬ್ಬರೂ ತಿಂಡಿಯ ಬುಟ್ಟಿ ಹೊತ್ತು ಹಿಂದೆ ಹೋದೆವು. ಬುಟ್ಟಿ ನೆಪ.

ಮಂಟಪದಲ್ಲಿ ಮೇಳದವರೆಲ್ಲ ಸೇರಿದ್ದರು. ಕಂಚಿನ ವಾದ್ಯಗಳು ಎದುರುಬದುರು ಜೋಡಿ ಜೋಡಿಯಾಗಿ ಕೂತಿದ್ದವು. ನ್ಯಾರ್ಕಣ್ಣನ ಎಡಗಿವಿ ಕುಲುಮೆಯ ಸದ್ದಿಗೆ ಎಂದೋ ಸತ್ತುಹೋಗಿದೆ. ಬಲಗಿವಿ ಮಾತ್ರ ಇಬ್ಬರ ಕೆಲಸ ಮಾಡುತ್ತದೆ. ಆ ಬಲಗಿವಿಯನ್ನು ಪೆಟ್ಟಿಗೆಯ ಕಡೆ ತಿರುಗಿಸಿ, "ಹೂಂ, ಶುರು ಮಾಡು" ಅಂದರು.

ಮುದಿತ ಉಸಿರು ಹಿಡಿದು ಪಟ್ಟಿ ಒತ್ತಿದ.

"ಊಂಂಂಂಂ."

ಮನೆಯಲ್ಲಿ ಕಡ್ಡಿಯಷ್ಟಿದ್ದ ದನಿ ಆ ದೊಡ್ಡ ಮಂಟಪದಲ್ಲಿ ನೂಲಾಗಿಬಿಟ್ಟಿತ್ತು.

"ಇದೇನೋ ಮುದಿತ," ಅಂದರು ನ್ಯಾರ್ಕಣ್ಣ, "ಬಡಕಲು ಸೊಳ್ಳೆ ಹಾಡಿದ ಹಾಗಿದೆ?"

ಎಲ್ಲರೂ ನಕ್ಕರು. ಮುದಿತನ ಮುಖ ಬಿಳಿಚಿಕೊಂಡಿತು. ಮತ್ತೆ ಒತ್ತಿದ. ಅದೇ ಸೊಳ್ಳೆ. "ಅಜ್ಜ, ನಿನ್ನೆ ದಪ್ಪಗಿತ್ತು! ಆಣೆಗೂ ದಪ್ಪಗಿತ್ತು!"

"ಒಂದೇ ದಿನದಲ್ಲಿ ಇಷ್ಟು ಬಡವಾಯ್ತಾ? ನಿಮ್ಮತ್ತೆ ಮನೇಲಿ ಊಟ ಹಾಕ್ತಾರೋ ಇಲ್ವೋ?"

ಮತ್ತೆ ನಗು. ಮುದಿತ ಇನ್ನೊಂದು ಪಟ್ಟಿ ಒತ್ತಿದ. ಅದರ ಸಂದಿಯಿಂದ ಒಂದು ಅಕ್ಕಿಕಾಳು ಚಂಗನೆ ಹಾರಿ ಅವನ ಮಡಿಲಿಗೆ ಬಿತ್ತು. ಅವನು ಅಕ್ಕಿಕಾಳನ್ನು ನೋಡಿದ. ಆಮೇಲೆ ಮೆಲ್ಲಗೆ ತಲೆಯೆತ್ತಿ ನನ್ನನ್ನು ನೋಡಿದ. "ಎರಡರಲ್ಲಿ ಒಂದು ದನಿ ಸತ್ತುಹೋಗಿದೆ ಅಜ್ಜ. ನೀರು ಒಳಗೆ ಹೋಗಿದೆ" ಅಂತಷ್ಟೇ ಅಂದು, ಲುಂಗಿಯನ್ನು ಕೈಗೆ ತೆಗೆದುಕೊಂಡು ಪೆಟ್ಟಿಗೆಗೆ ಹೊದಿಸತೊಡಗಿದ. ಹೆಣಕ್ಕೆ ಹೊದಿಸಿದ ಹಾಗೆ. ಯಾರೋ ಅಭ್ಯಾಸಬಲದಿಂದ ಕೆಟಲನ್ನು ಅವನ ಕಡೆ ಸರಿಸಿದರು.

ಆ ಕೆಟಲ್ ನೋಡಿ ನನಗೆ ತಡೆಯಲಾಗಲಿಲ್ಲ. ಬುಟ್ಟಿ ಕೆಳಗಿಟ್ಟು ಮೆಟ್ಟಿಲು ಹತ್ತಿದೆ.

"ಯಾವುದೂ ಸತ್ತಿಲ್ಲ!" ಅಂದೆ, ಇಡೀ ಮಂಟಪಕ್ಕೆ ಕೇಳುವ ಹಾಗೆ. "ಎರಡೂ ಗುಂಡುಕಲ್ಲಿನ ಹಾಗಿವೆ! ತೀರ್ಥ ಹೆಚ್ಚಾಗಿ ಜಗಳ ಶುರು ಮಾಡಿದ್ದವು. ಊಂವ ಊಂವ ಅಂತ ನಡುಗ್ತಿದ್ದವು. ನಾನೇ ಕೂತು, ಗುಂಡಿ ತಿರುಗಿಸಿ, ಎರಡನ್ನೂ ಒಂದೇ ಕಡೆ ನಿಲ್ಲಿಸಿದ್ದೀನಿ. ಅರ್ಧ ಅಕ್ಕಿಕಾಳಿನಷ್ಟೂ ವ್ಯತ್ಯಾಸ ಇಲ್ಲ. ಬೇಕಾದ್ರೆ ಪರೀಕ್ಷೆ ಮಾಡಿ!"

ನಾನು ಹೊಗಳಿಕೆಗೆ ಕಾಯುತ್ತ ನಿಂತೆ.

ಮೊದಲು ನ್ಯಾರ್ಕಣ್ಣನ ಹೊಟ್ಟೆ ಕುಲುಕಿತು. ಆಮೇಲೆ ಭುಜ. ಆಮೇಲೆ ಬಾಯಿ ತೆರೆದು, ವೀಳ್ಯದ ಕೆಂಪೆಲ್ಲ ತೋರಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಕ್ಕು ಮುಗಿಸಿ, ಸುತ್ತಿಗೆ ಎತ್ತಿಕೊಂಡು ನನ್ನನ್ನು ಕರೆದರು.

"ಸಾದ್ರಿ, ಇಲ್ಲಿ ಬಾ. ಇದನ್ನ ಮಾಡಿದ್ದು ಯಾರು?"

ಎದುರುಬದುರು ಕೂತ, ಕಂಚಿನ ಪಟ್ಟಿಗಳನ್ನು ಸಾಲಾಗಿ ಜೋಡಿಸಿದ ಎರಡು ವಾದ್ಯಗಳು. ನೋಡಲು ಅವಳಿ ಜವಳಿ. "ಅವರು," ಅಂದೆ. ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ.

ನ್ಯಾರ್ಕಣ್ಣ ಒಂದರ ಪಟ್ಟಿ ಬಡಿದರು. ನೇರ ದನಿ, ಬಿದ್ದು ಹೋಯಿತು. ಇನ್ನೊಂದರ ಅದೇ ಪಟ್ಟಿ ಬಡಿದರು. ಅದೂ ಹಾಗೇ. ಆಮೇಲೆ ಎರಡನ್ನೂ ಒಟ್ಟಿಗೆ ಬಡಿದರು.

ಊಂವ... ಊಂವ... ಊಂವ... ಊಂವ...

ನಾನು ಕಂಚನ್ನು ನೋಡಿದೆ, ಪೆಟ್ಟಿಗೆಯನ್ನು ನೋಡಿದೆ.

"ಒಂದನ್ನ ಕೂದಲಷ್ಟು ಮೇಲೆ, ಒಂದನ್ನ ಕೂದಲಷ್ಟು ಕೆಳಗೆ ಇಟ್ಟಿದ್ದಾನೆ ನಿನ್ನ ಗಂಡ. ಆ ಅಲೆ ಇದ್ರೇನೇ ಕಂಚಿಗೆ ಜೀವ. ಅವನು ಜೀವಮಾನವಿಡೀ ಅರೆದು ಅರೆದು ಬೇರೆ ಮಾಡಿದ್ದನ್ನ, ನೀನು ಒಂದೇ ಬೆಳಗ್ಗೆ ರಾಜಿ ಮಾಡಿಸಿಬಿಟ್ಟೆಯಲ್ಲೇ!"

ನನಗೆ ಆಗ ಒಂದೊಂದೇ ನೆನಪಾಯಿತು. ಅವರು ಪಟ್ಟಿ ಅರೆಯುವುದು, ಬಡಿಯುವುದು, ಕೇಳುವುದು, ಮತ್ತೆ ಅರೆಯುವುದು. ನಾನು ಊಟಕ್ಕೆ ಬಡಿಸಿ ಕೂಗುವುದು: "ಇನ್ನೂ ಸರಿಹೋಗ್ಲಿಲ್ವಾ?" ಅವರು ಅಲ್ಲಿಂದಲೇ, "ಇನ್ನೂ ಸ್ವಲ್ಪ ತಪ್ಪಬೇಕು ಕಣೇ" ಅನ್ನುವುದು. ಊಟಕ್ಕೆ ತಡಮಾಡಲು ಇದೊಂದು ಕುಚೋದ್ಯ ಅಂತ ತಿಳಿದು, ಪೂರ್ತಿ ಕೇಳದೆ ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಆ ಅಲೆಯನ್ನು ಎಷ್ಟು ಕಾಲ ಕೇಳಿದ್ದೆನೆಂದರೆ, ಅದು ಕೇಳಿಸುವುದೇ ನಿಂತುಹೋಗಿತ್ತು.

"ಅತ್ತೆ," ಅಂದ ಮುದಿತ. ಅವನ ಮುಖಕ್ಕೆ ರಕ್ತ ವಾಪಸು ಬಂದಿತ್ತು. "ಅವತ್ತು ನಾನು ಹೇಳೋಕೆ ಹೊರಟಿದ್ದು ಅದೇ. ಅವೆರಡೂ ಒಂದಕ್ಕೊಂದು ಸ್ವಲ್ಪ ಬೇರೆ ಇರಬೇಕು. ಒಂದು ಮುಂದೆ ಹೋಗುತ್ತೆ, ಇನ್ನೊಂದು ಹಿಂದೆ ಉಳಿಯುತ್ತೆ. ಬಿಸಿ ಹೆಚ್ಚುಕಮ್ಮಿ ಆದ್ರೆ ಇನ್ನೂ ಚೂರು ಅತ್ತಿತ್ತ ಆಗ್ತವೆ. ಈಗಿನ ಪೆಟ್ಟಿಗೆಗಳಲ್ಲಿ ಎಲ್ಲಾ ಕಡ್ಡಿ ಹಾಗೆ ನೇರ. ಇದು ನೇರ ಇಲ್ಲ ಅಂತಲೇ ದಪ್ಪ. ಮತ್ತೆ ಈ ಗುಂಡಿ ಇದೆಯಲ್ಲ, ಇದು ಜರಡಿ. ಮೇಲಿನ ಚೂಪು ದನಿಯೆಲ್ಲ ಸೋಸಿ ತೆಗೆದು, ಅಡಿಯ ಗಟ್ಟಿಯನ್ನ ಉಳಿಸುತ್ತೆ. ಗಟ್ಟಿ ತೆಂಗಿನಹಾಲು ಹಿಂಡಿದ ಹಾಗೆ."

ಮೊದಲ ದಿನ ಶುರುಮಾಡಿದ ಮಾತು ಅಂತೂ ಅವತ್ತು ಮುಗಿಯಿತು. ನಾನು ನಡುವೆ ಬಾಯಿ ಹಾಕಲಿಲ್ಲ. ಹಾಕಲು ಬಾಯಿ ಇರಲಿಲ್ಲ.

ಮುದಿತ ಗುಂಡಿಗೆ ಕೈ ಹಾಕಲು ಹೋದರೆ ನ್ಯಾರ್ಕಣ್ಣ ತಡೆದರು. "ನೀನು ಬೇಡ. ರಾಜಿ ಮಾಡಿಸಿದವಳೇ ಜಗಳ ಹಚ್ಚಲಿ."

ಮೇಳವಿಡೀ ನೋಡುತ್ತಿರಲು ಕುಕ್ಕುರುಗಾಲಿನಲ್ಲಿ ಕೂತೆ. ಮುದಿತ ಪಟ್ಟಿ ಹಿಡಿದ. ನ್ಯಾರ್ಕಣ್ಣ ನನ್ನ ಗಂಡ ಮಾಡಿದ ಜೋಡಿಯನ್ನು ಬಡಿದು ಬಡಿದು ಅಲೆ ಕೇಳಿಸಿದರು. ನಾನು ಗುಂಡಿಯನ್ನು ಕಾಲು ಅಕ್ಕಿಕಾಳಿನಷ್ಟು ಸರಿಸಿದೆ. ನೂಲು ಅಲುಗಿತು.

"ಇನ್ನೂ ಸ್ವಲ್ಪ ತಪ್ಪಲಿ," ಅಂದರು ನ್ಯಾರ್ಕಣ್ಣ.

ಆ ಮಾತು ಕೇಳಿ ನನ್ನ ಕೈ ಒಂದು ಗಳಿಗೆ ನಿಂತುಬಿಟ್ಟಿತು. ಆಮೇಲೆ ಸರಿಸಿದೆ. ಊಂ...ವ... ಊಂವ... ಊಂವ... ಕಂಚಿನ ಅಲೆಯೂ ಪೆಟ್ಟಿಗೆಯ ಅಲೆಯೂ ಒಂದೇ ನಡಿಗೆಗೆ ಬಂದವು. "ಸಾಕು! ಬಿಡು!" ಅಂದು ನ್ಯಾರ್ಕಣ್ಣ ಕೈಯೆತ್ತಿ ದೊಡ್ಡ ಜಾಗಟೆಯವನಿಗೆ ಸನ್ನೆ ಮಾಡಿದರು. ಜಾಗಟೆ ಬಿತ್ತು. ಅದರ ಅಡಿಗೆ ಮುದಿತ ತನ್ನ ದನಿಯನ್ನು ಚಾಪೆಯ ಹಾಗೆ ಹಾಸಿದ. ಮಂಟಪದ ನೆಲ ಗುಂಯ್ ಅಂದಿತು, ಕಾಫಿ ಲೋಟಗಳು ತಟ್ಟೆಯಲ್ಲಿ ಕುಣಿದವು, ನನ್ನ ಅಂಗಾಲಿನಿಂದ ನೆತ್ತಿಯವರೆಗೆ ಏನೋ ತುಂಬಿಕೊಂಡಿತು.

ನ್ಯಾರ್ಕಣ್ಣ ಬಲಗಿವಿಯನ್ನು ಇನ್ನೂ ಅತ್ತಲೇ ಇಟ್ಟುಕೊಂಡು ಒಂದೇ ಮಾತು ಹೇಳಿದರು: "ಕೆಟಲನ್ನ ಬೇರೆ ಯಾರಿಗಾದ್ರೂ ಕೊಡಿ."

ಮುದಿತ ತಲೆ ಬಗ್ಗಿಸಿ ಪೆಟ್ಟಿಗೆಯ ಮೇಲೆ ಬಿದ್ದಿದ್ದ ಹೂವಿನ ಎಸಳನ್ನು ಒರೆಸುತ್ತಲೇ ಇದ್ದ. ಇದ್ದದ್ದು ಒಂದೇ ಎಸಳು. ಒರೆಸಿದ್ದು ತುಂಬಾ ಹೊತ್ತು.

ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಅರ್ಧವಾದರೂ ಉಳಿಯುತ್ತಿತ್ತು. ಆದರೆ ರೋಂಜಿ ಇದ್ದಳಲ್ಲ!

"ನ್ಯಾರ್ಕಣ್ಣ, ಒಂದು ಸಂದೇಹ. ಈ ಪೆಟ್ಟಿಗೆ ಹತ್ಯಾರೋ, ವಾದ್ಯವೋ?"

"ಕಂಚಿನ ಪಕ್ಕ ಕೂತ ಮೇಲೆ ಹತ್ಯಾರು ಹೇಗಾಗುತ್ತಮ್ಮ? ವಾದ್ಯ."

"ಹಾಗಾದ್ರೆ ಇದರ ಪೂಜೆ ಯಾವತ್ತು?"

"ವಾದ್ಯದ ಪೂಜೆ ಯಾವತ್ತಾಗುತ್ತೆ? ತುಂಪೆಕ್ ಕ್ರುಲುಟ್."

ರೋಂಜಿ ನನ್ನ ಕಡೆ ತಿರುಗಿ ಬರೀ ನಕ್ಕಳು. ಅಷ್ಟೆಲ್ಲ ಗುಂಡಿಗೆ, ಮೂರು ಮೂರು ಸಲ, ಇಡೀ ಬೆಳಗ್ಗೆ, ತಪ್ಪಿದ ದಿನ!

"ಇನ್ಮೇಲೆ ನಿನ್ನ ಮಾತಿಗೆ ಎದುರು ಆಡಲ್ಲ ಕಣೇ ರೋಂಜಿ," ಅಂದೆ, ಸೋತು.

"ಅಯ್ಯೋ ಬೇಡ ಸಾದ್ರಿ!" ಅಂದರು ನ್ಯಾರ್ಕಣ್ಣ ಗಾಬರಿಯಿಂದ. "ನೀವಿಬ್ರೂ ಒಂದೇ ಶ್ರುತಿಗೆ ಬಂದ್ರೆ ಆ ಮನೇಲಿ ಸೊಳ್ಳೆ ಸದ್ದೂ ಇರಲ್ಲ!"

ತುಂಪೆಕ್ ಕ್ರುಲುಟ್ ಬಂತು. ಮಂಟಪದಲ್ಲಿ ವಾದ್ಯಗಳಿಗೆಲ್ಲ ಹೂವು, ತಿಂಡಿ, ತೆಂಗಿನ ಗರಿಯ ತಟ್ಟೆಗಳು. ಹಿಂದಿನ ಸಾಲಿನಲ್ಲಿ, ದೊಡ್ಡ ಜಾಗಟೆಯ ಪಕ್ಕ, ಹೊಸ ಲುಂಗಿ ಉಟ್ಟು ಪೆಟ್ಟಿಗೆ ಕೂತಿತ್ತು. ಅದರ ಹಿಂದೆ ತನ್ನದೇ ಚಾಪೆಯ ಮೇಲೆ ಮುದಿತ. ಕೆಲಸ ಹಂಚಿದವರು ನ್ಯಾರ್ಕಣ್ಣ. ತೀರ್ಥ ಚಿಮುಕಿಸುವುದು ರೋಂಜಿ. ನಾನು, ಕೇರಿಗೆಲ್ಲ ತಟ್ಟೆ ಹೆಣೆಯಲು ಕಲಿಸಿದವಳು, ಎಳೆ ತಪ್ಪದವಳು, ಪೆಟ್ಟಿಗೆಯ ಮೇಲೆ ಕೊಡೆ ಹಿಡಿದು ನಿಲ್ಲಬೇಕು!

ನಿಂತೆ. ರೋಂಜಿ ಬಂದಳು. ಎಲ್ಲ ವಾದ್ಯಗಳಿಗೂ ಹನಿ ಹನಿ ಲೆಕ್ಕ ಹಾಕಿ ಚಿಮುಕಿಸಿದವಳು, ಕೊಡೆಯ ಹತ್ತಿರ ಬಂದಾಗ ಮಾತ್ರ ಕೈ ಧಾರಾಳ ಮಾಡಿದಳು. ಕೊಡೆ ಪೆಟ್ಟಿಗೆಯ ಮೇಲಿತ್ತು. ಕೊಡೆಯ ಹೊರಗೆ ನಾನಿದ್ದೆ. ಮೂಗಿನ ತುದಿಯಿಂದ ತೀರ್ಥ ತೊಟ್ಟಿಕ್ಕುತ್ತಿರುವಾಗಲೇ, ಮುದಿತ ಶ್ರುತಿ ನೋಡಲೆಂದು ಒಂದು ಪಟ್ಟಿ ಒತ್ತಿದ. ಪೆಟ್ಟಿಗೆ ಇನ್ನೂ ಬಿಸಿಯಾಗಿರಲಿಲ್ಲ. ಈಗೀಗ ಅವನು ಯಾರೂ ಬರುವ ಮೊದಲೇ ಅದನ್ನು ಕಾಯಿಸಿಡುತ್ತಾನೆ. ಹಾಗಾಗಿ ಅದು ನನ್ನನ್ನು ಏನಾದರೂ ಕೇಳಿದ್ದು ಅವತ್ತೇ ಕೊನೆ.

ಕೆಳಗಿನಿಂದ ಎದ್ದಿತು. ಉತ್ತರ ನನ್ನ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. ಜನ್ಮದಲ್ಲಿ ಮೊದಲ ಸಲ, ತೊಯ್ದ ತಲೆಯಲ್ಲಿ, ಕೊಡೆ ಅಲುಗಿಸದೆ, ಎದುರಿನವರ ಮಾತು ಪೂರ್ತಿಯಾಗುವವರೆಗೂ ಕಾದೆ. ಇಡೀ ಮೇಳ ನನ್ನ ಬಾಯನ್ನೇ ನೋಡುತ್ತಿತ್ತು. ಅದು ಮೆಲ್ಲಗೆ ಮೇಲಕ್ಕೆ ಜಾರಿ, ಜಾರಿ, ಕೊನೆಗೆ ಕೇಳಿದ್ದು ಇಷ್ಟೇ:

"ಊಂ?"